ಶುಕ್ರ ಮುಳುಗಿದ ಬೇಸಿಗೆ

ಹೋದ ವಾರ ಮೆಲ್ಬರ್ನ್ ನಗರದ ಡಾಕ್‌ಲ್ಯಾಂಡ್ಸ್‌ನ ನಮ್ಮ ಆಫೀಸಿನಲ್ಲಿ ಹಳೆಯ ಕಾರ್ಪೆಟ್ ಕಿತ್ತು ಹೊಸದು ಹಾಸಿದರು. ಬೆಳಿಗ್ಗೆ ಟ್ರಾಮ್ ಇಳಿದು ಬಂದು ಲಿಫ್ಟಿನಲ್ಲಿ ಮೇಲೆ ಹೋದೆ. ಬಾಗಿಲು ತೆರೆದದ್ದೇ ತಡ, ಅಂಟಿನದೂ ಹೊಸ ಉಣ್ಣೆಯದೂ ಸೇರಿದ ವಾಸನೆ ಮೂಗಿಗೆ ಬಡಿಯಿತು. ಪಕ್ಕದಲ್ಲಿದ್ದ ಹುಡುಗಿ ಮೂಗರಳಿಸಿ "ಲವ್ಲಿ" ಎಂದಳು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಸೀದಾ ಪ್ಯಾಂಟ್ರಿಗೆ ಹೋಗಿ ನೀರು ಕುಡಿದು, ಕಿಟಕಿಯ ಹತ್ತಿರ ಸ್ವಲ್ಪ ಹೊತ್ತು ನಿಂತೆ.

ಅದು ಮೆಲ್ಬರ್ನ್ ಅಂಚಿನ ಕ್ರಾನ್‌ಬರ್ನ್‌ನಲ್ಲಿ ಬೀಗ ಹಾಕಿಸಿಕೊಂಡು ಇಡೀ ಬೇಸಿಗೆ ಖಾಲಿ ನಿಂತಿದ್ದ ನನ್ನ ಅಣ್ಣನ ಹೊಸ ಮನೆಯ ವಾಸನೆ. ಅದೇ ಬೇಸಿಗೆಯಲ್ಲಿ ನಾವು ಶುಕ್ರಗ್ರಹದ ಸುತ್ತ ಸುತ್ತುತ್ತಿದ್ದ ನೌಕೆಯೊಂದನ್ನು ಕಳೆದುಕೊಂಡೆವು. ಅಣ್ಣನ ಮನೆಗೂ ಶುಕ್ರನ ನೌಕೆಗೂ ಎಲ್ಲಿಂದೆಲ್ಲಿಯ ಸಂಬಂಧ ಅಂತೀರಾ? ಸಂಬಂಧ ಇದೆ. ನಾನು ಹುಬ್ಬಳ್ಳಿಯವಳು, ಹೇಳಲು ಶುರು ಮಾಡಿದರೆ ಪೂರ್ತಿ ಹೇಳಿಯೇ ಬಿಡುವವಳು.

ಆಗ ನಾನು ಸಿಡ್ನಿಯಲ್ಲಿದ್ದೆ. ಎಪ್ಪಿಂಗ್ ಸ್ಟೇಷನ್ನಿಗೆ ಹತ್ತಿರದ ಒಂದು ಅಪಾರ್ಟ್‌ಮೆಂಟಿನಲ್ಲಿ ವಾಸ, ವಿಶ್ವವಿದ್ಯಾಲಯವೊಂದರಲ್ಲಿ ಕೆಲಸ. ಕೆಲಸವೆಂದರೆ ಮೋಡ ನೋಡುವುದು. ಶುಕ್ರ ಗ್ರಹ ತನ್ನ ಸುತ್ತ ಒಂದು ಸಲ ತಿರುಗಲು ನಮ್ಮ ಎಂಟು ತಿಂಗಳು ತೆಗೆದುಕೊಳ್ಳುತ್ತದೆ, ಅಷ್ಟು ಸೋಮಾರಿ. ಅದರ ಮೇಲಿನ ಮೋಡಗಳು ಮಾತ್ರ ನಾಲ್ಕೇ ದಿನದಲ್ಲಿ ಇಡೀ ಗ್ರಹವನ್ನು ಸುತ್ತಿ ಬಂದುಬಿಡುತ್ತವೆ. ಕೆಳಗಿನ ನೆಲಕ್ಕೆ ಇಲ್ಲದ ಅವಸರ ಮೇಲಿನ ಗಾಳಿಗೆ ಎಲ್ಲಿಂದ ಬಂತು ಎನ್ನುವುದು ಇವತ್ತಿಗೂ ಯಾರಿಗೂ ಪೂರ್ತಿ ಗೊತ್ತಿಲ್ಲ. ಅದನ್ನು ತಿಳಿಯಲೆಂದೇ ನೌಕೆ ಅಲ್ಲಿಗೆ ಹೋಗಿತ್ತು. ಅದು ಮೋಡಗಳ ಫೋಟೋ ತೆಗೆದು ಕಳಿಸುತ್ತಿತ್ತು. ಒಂದು ಫೋಟೋದಲ್ಲಿ ಕಂಡ ಮೋಡವನ್ನು ಮುಂದಿನ ಫೋಟೋದಲ್ಲಿ ಹುಡುಕಿ, ಅದು ಎಷ್ಟು ಸರಿದಿದೆ ಎಂದು ಅಳೆದು, ಗಾಳಿಯ ವೇಗ ಹೇಳುವುದು ನಮ್ಮ ಗುಂಪಿನ ಕೆಲಸ. ನೌಕೆ ಹಾರಿಸಿದ ದೇಶ ಬೇರೆ, ಅದರ ಜೊತೆ ಮಾತಾಡುವ ದೊಡ್ಡ ಆ್ಯಂಟೆನಾಗಳು ಬೇರೆ ಕಡೆ. ನಾವು ಸಿಡ್ನಿಯಲ್ಲಿ ಕೂತು ಮೋಡ ಓದುವ ನಾಲ್ಕು ಜನ.

ಆ ನಾಲ್ವರಿಗೆ ಹಿರಿಯರು ಇನಾಮದಾರ ಸರ್. ಬೆಳಗಾವಿಯವರು. ಈ ದೇಶಕ್ಕೆ ಬಂದು ಎಷ್ಟೋ ವರ್ಷವಾಗಿದ್ದರೂ ನನ್ನ ಜೊತೆ ಮಾತಾಡುವಾಗ ಟಿಳಕವಾಡಿಯಿಂದ ಈಗಷ್ಟೇ ಸೈಕಲ್ ಹತ್ತಿ ಬಂದವರ ಹಾಗೆ ಮಾತಾಡುತ್ತಿದ್ದರು. ನೌಕೆ ಇನ್ನೂ ಕಾಗದದ ಮೇಲಿದ್ದಾಗಿನಿಂದ ಅದರ ಜೊತೆಗಿದ್ದವರು ಅವರು. ಅದರ ಕ್ಯಾಮೆರಾ ಏನನ್ನು ನೋಡಬೇಕು, ಯಾವಾಗ ನೋಡಬೇಕು ಎಂಬ ಮಾತು ಬಂದರೆ ಎಲ್ಲ ದೇಶದವರೂ ಅವರ ಮುಖ ನೋಡುತ್ತಿದ್ದರು. ನನಗಂತೂ ಅವರೆಂದರೆ ಜೀವ. ಬಯ್ಯದೆ ಕಲಿಸಿದ ಒಬ್ಬರೇ ಒಬ್ಬ ಮೇಷ್ಟ್ರು ಅವರು.

ಆ ಡಿಸೆಂಬರಿನಲ್ಲಿ, ಅಂದರೆ ಇಲ್ಲಿನ ಬೇಸಿಗೆಯ ಶುರುವಿನಲ್ಲಿ, ಎರಡು ಸಂಗತಿ ಒಟ್ಟಿಗೆ ಆದವು. ಕ್ರಾನ್‌ಬರ್ನ್‌ನಲ್ಲಿ ಅಣ್ಣನ ಮನೆ ಕಟ್ಟಿ ಮುಗಿದು ಬಿಲ್ಡರ್ ಕೀಲಿಕೈ ಕೊಟ್ಟ. ಗೃಹಪ್ರವೇಶಕ್ಕೆಂದು ಹುಬ್ಬಳ್ಳಿಯಿಂದ ಅವ್ವ ಬಂದಳು. ಬರುತ್ತ ಮೊದಲು ಸಿಡ್ನಿಯಲ್ಲಿ ನನ್ನ ಹತ್ತಿರ ಇಳಿದಳು. ಇಳಿದವಳೇ ಚೀಲದಿಂದ ಪಂಚಾಂಗ ತೆಗೆದು, ಅಣ್ಣನಿಗೆ ಫೋನ್ ಹಚ್ಚಿಸಿ, "ಶುಕ್ರ ಅಸ್ತ ಆಗ್ಯಾನ. ಅವಾ ಏಳೋತನಕಾ ಮನಿ ಹೊಗೂ ಮಾತು ತಗೀಬ್ಯಾಡ" ಎಂದಳು. ಶುಕ್ರ ಸೂರ್ಯನ ಹತ್ತಿರ ಸರಿದು ಬೆಳಕಿನಲ್ಲಿ ಮುಳುಗಿ ಕಣ್ಣಿಗೆ ಕಾಣದ ಹಾಗಾಗುವ ಕಾಲ ಅದು. ಮದುವೆ, ಮುಂಜಿ, ಗೃಹಪ್ರವೇಶ ಯಾವುದನ್ನೂ ಆಗ ಮಾಡುವುದಿಲ್ಲ.

"ಅವ್ವಾ, ಬ್ಯಾಂಕಿನವ್ರು ಶುಕ್ರನ್ನ ನೋಡಂಗಿಲ್ಲ. ಇಲ್ಲಿ ರೆಂಟೂ ಕೊಡಬೇಕು, ಅಲ್ಲಿ ಮಾರ್ಟ್‌ಗೇಜೂ ಕಟ್ಟಬೇಕು" ಎಂದು ಅಣ್ಣ ಅತ್ತ ಕಡೆಯಿಂದ ಗೋಳಾಡಿದ.

"ಕಟ್ಟು. ನಿಮ್ಮಪ್ಪ ಕಟ್ಟಲಿಲ್ಲೇನು?" ಎಂದು ಅವ್ವ ಫೋನ್ ನನ್ನ ಕೈಗಿಟ್ಟಳು. ಅವಳ ಜೊತೆ ವಾದಕ್ಕೆ ಇಳಿದು ಗೆದ್ದವರು ನಮ್ಮ ಮನೆತನದಲ್ಲಿ ಯಾರೂ ಇಲ್ಲ. ಅಣ್ಣ ಮನೆಗೆ ಬೀಗ ಜಡಿದು ಬಾಡಿಗೆ ಮನೆಯಲ್ಲೇ ಉಳಿದ.

ಪಂಚಾಂಗದ ಅಸ್ತ ನಮ್ಮ ನೌಕೆಯ ಕ್ಯಾಲೆಂಡರಿನಲ್ಲೂ ಇತ್ತು. ಶುಕ್ರ ಸೂರ್ಯನ ಆಚೆ ಮಗ್ಗುಲಿಗೆ ಹೋದಾಗ ಸೂರ್ಯ ನಡುವೆ ಅಡ್ಡ ಬಂದು ರೇಡಿಯೋ ಮಾತು ಕೆಡುತ್ತದೆ. ಮೂರು ವಾರ ನಾವು ಕರೆದರೆ ಅದಕ್ಕೆ ಕೇಳಿಸುವುದಿಲ್ಲ, ಅದು ಹೇಳಿದ್ದು ನಮಗೆ ಮುಟ್ಟುವುದಿಲ್ಲ. ಹಿಂದಿನ ಸಲಗಳಲ್ಲೆಲ್ಲ ಅಷ್ಟು ದಿನ ನೌಕೆಯನ್ನು ಸುಮ್ಮನೆ ಕೂರಿಸುತ್ತಿದ್ದರು. ಆ್ಯಂಟೆನಾ ಭೂಮಿಯ ಕಡೆಗೆ, ಕ್ಯಾಮೆರಾ ಬಂದ್. ವಯಸ್ಸಾದ ನೌಕೆಗೆ ಅದೇ ಕ್ಷೇಮ. ಆದರೆ ಆ ಸಲ ಮೋಡಗಳ ನಡುವೆ ಉತ್ತರದಿಂದ ದಕ್ಷಿಣದವರೆಗೆ ಒಂದು ಕಪ್ಪು ಗೀರು ಎದ್ದಿತ್ತು. ಸಾವಿರಾರು ಕಿಲೋಮೀಟರ್ ಉದ್ದದ ಅಲೆ, ಗ್ರಹವನ್ನು ಸುತ್ತಿ ಸುತ್ತಿ ಬರುತ್ತಿತ್ತು, ಪ್ರತಿ ಸುತ್ತಿಗೂ ಬೇರೆ ವೇಗ. ಗಾಳಿಗೆ ಅವಸರ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಗೆ ಅಲ್ಲೇ ಉತ್ತರ ಇದೆ ಎಂದು ಸರ್‌ಗೆ ಅನಿಸಿತ್ತು. ಮೂರು ವಾರ ಕಣ್ಣು ಮುಚ್ಚಿ ಕೂತರೆ ಅದು ಕರಗಿ ಹೋಗುತ್ತದೆ. ಈ ಸಲ ನೌಕೆಯನ್ನು ಕೂರಿಸುವುದು ಬೇಡ, ಮಾತಿಲ್ಲದ ಹೊತ್ತಿನಲ್ಲೂ ತಾನೇ ಅತ್ತ ತಿರುಗಿ ಫೋಟೋ ತೆಗೆಯಲಿ, ಮತ್ತೆ ತಾನೇ ಭೂಮಿಯ ಕಡೆ ತಿರುಗಲಿ ಎಂದು ಅವರು ವಾದಿಸಿದರು. ಬೇರೆ ದೇಶದವರು ಅನುಮಾನಿಸಿದರು. ಕೊನೆಗೆ ಸರ್ ಮೇಲಿನ ಗೌರವಕ್ಕೆ ಒಪ್ಪಿದರು.

ಆ ದಿನಗಳಲ್ಲೇ ಸರ್ ನಮ್ಮ ಮನೆಗೆ ಊಟಕ್ಕೆ ಬಂದದ್ದು. ಅವರ ಹೆಂಡತಿ ಮಗಳ ಬಾಣಂತನಕ್ಕೆಂದು ಪರ್ತ್‌ಗೆ ಹೋಗಿದ್ದರು, ಸರ್ ಬ್ರೆಡ್ಡು ತಿಂದು ದಿನ ನೂಕುತ್ತಿದ್ದರು. ಅವ್ವನಿಗೆ ಅದು ಗೊತ್ತಾದದ್ದೇ ಜೋಳದ ಹಿಟ್ಟು ಹೊರಬಂತು. ಮೊದಲ ರೊಟ್ಟಿ ಹಂಚಿನ ಮೇಲೆ ಬಿದ್ದ ಕೂಡಲೇ ಸ್ಮೋಕ್ ಅಲಾರ್ಮ್ ಕೂಗತೊಡಗಿತು. ನಾನು ಕುರ್ಚಿ ಹತ್ತಿ ಟವೆಲ್ ಬೀಸುತ್ತಿದ್ದೆ, ಅವ್ವ ಕೆಳಗಿನಿಂದ "ಏನ್ ಸುಡಗಾಡ ಊರವಾ ಇದು, ರೊಟ್ಟಿ ಬಡದ್ರ ಹೊಯ್ಕೋತದ" ಎನ್ನುತ್ತಿದ್ದಳು, ಸರ್ ಬಾಗಿಲಲ್ಲಿ ಚಪ್ಪಲಿ ಬಿಡುತ್ತ ನಗುತ್ತ ನಿಂತಿದ್ದರು. ಎಣ್ಣೆಗಾಯಿ, ಶೇಂಗಾ ಹಿಂಡಿ, ಮೊಸರು. ಸರ್ ಊಟ ಮಾಡಿದ ರೀತಿ ನೋಡಿ ಅವ್ವನಿಗೆ ಅವರ ಮೇಲೆ ಅಕ್ಕರೆ ಹುಟ್ಟಿತು.

"ಅಲ್ರಿ ಇನಾಮದಾರ್ರ, ನೀವೂ ಶುಕ್ರನ್ನ ನೋಡೋರು. ನೀವರೆ ನನ್ನ ಮಗಗ ಒಂದ್ ಮಾತು ಹೇಳ್ರಿ. ಅಸ್ತ ಇದ್ದಾಗ ಹೊಸಾ ಮನಿ ಹೊಗತಾರೇನು?"

"ಆ ಶಾಸ್ತ್ರ ನಾ ಓದಿಲ್ರಿ ಅಕ್ಕಾರ. ಆದ್ರ ಅಸ್ತ ಅಂತೂ ಖರೆ ಅದ. ಇನ್ನ ಸ್ವಲ್ಪ ದಿನಕ್ಕ ನಮಗೂ ಮೂರು ವಾರ ಅಲ್ಲಿಂದ ಸುದ್ದಿ ಇರಂಗಿಲ್ಲ" ಎಂದರು ಸರ್. ಅವ್ವ ನನ್ನ ಕಡೆ ತಿರುಗಿ, ಕೇಳಿದೆಯಾ ಎನ್ನುವಂತೆ ಹುಬ್ಬು ಹಾರಿಸಿದಳು. ಸರ್ ಊಟದ ಖುಷಿಯಲ್ಲಿ ಗೀರಿನ ಕಥೆ ಹೇಳಿದರು, ಈ ಸಲ ನೌಕೆಯನ್ನು ಸುಮ್ಮನೆ ಕೂರಿಸುವುದಿಲ್ಲ, ಇದುವರೆಗೆ ಮಾಡದ ಕೆಲಸವೊಂದನ್ನು ಹಚ್ಚುತ್ತಿದ್ದೇವೆ ಎಂದೂ ಹೇಳಿದರು.

ಅವ್ವನ ಕೈ ತಾಟಿನ ಮೇಲೆಯೇ ನಿಂತಿತು. "ಹೊಸಾ ಕೆಲಸಾನ? ಅಸ್ತದಾಗ? ಬ್ಯಾಡ್ರೀಪಾ. ಮೂರು ವಾರ ತಡೀರಿ. ಓಡಿ ಹೋಗತದೇನದು?"

ಸರ್ ಜೋರಾಗಿ ನಕ್ಕರು. "ಓಡೇ ಹೋಗತದ್ರಿ ಅಕ್ಕಾರ. ಮೋಡ ಅದು!"

ನಾನೂ ನಕ್ಕೆ. ಅವ್ವ ನಗಲಿಲ್ಲ, ಇನ್ನೊಂದು ರೊಟ್ಟಿ ಬಡಿಸಿದಳು.

ಆದೇಶದ ಸಾಲುಗಳನ್ನು ಬರೆದು, ನಾಲ್ಕೂ ಜನ ಓದಿ, ಕಳಿಸಿದೆವು. ಮುಟ್ಟಿತು ಎಂದು ನೌಕೆ ಉತ್ತರ ಕೊಟ್ಟಿತು. ಆಮೇಲೆ ದಿನ ದಿನಕ್ಕೆ ಅದರ ಧ್ವನಿಯಲ್ಲಿ ಸೂರ್ಯನ ಗದ್ದಲ ಹೆಚ್ಚುತ್ತ ಹೋಗಿ ಒಂದು ಮಧ್ಯಾಹ್ನ ಏನೂ ತಿಳಿಯದಾಯಿತು. ಸರ್ ಕಂಪ್ಯೂಟರಿನ ಪರದೆ ಆರಿಸಿ, "ನಡೀರಿ, ಎಲ್ಲಾರೂ ರಜಾ ಹಾಕ್ರಿ" ಎಂದರು. ಗಾಬರಿಪಡುವಂಥದ್ದೇನೂ ಇರಲಿಲ್ಲ, ಅದು ಗೊತ್ತಿದ್ದದ್ದೇ. ನಾನು ಅವ್ವನನ್ನು ಕರೆದುಕೊಂಡು ಮೆಲ್ಬರ್ನ್‌ಗೆ ಹೋದೆ.

ಆ ವರ್ಷ ಮೆಲ್ಬರ್ನ್‌ನಲ್ಲಿ ಬೆಂಕಿಯಂಥ ಬಿಸಿಲು. ಮರುಭೂಮಿಯ ಕಡೆಯಿಂದ ಉತ್ತರದ ಗಾಳಿ ಬೀಸಿದ ದಿನ ಬಾಗಿಲು ತೆರೆದರೆ ಒಲೆಯ ಮುಂದೆ ನಿಂತ ಹಾಗೆ, ಎಲ್ಲೋ ದೂರದ ಕಾಡು ಸುಟ್ಟ ಹೊಗೆ ಕ್ರಾನ್‌ಬರ್ನ್‌ವರೆಗೂ ಬಂದು ಸಂಜೆಯ ಸೂರ್ಯ ಕುಂಕುಮದ ಬಣ್ಣಕ್ಕೆ ತಿರುಗುತ್ತಿದ್ದ. ವಾರಕ್ಕೊಮ್ಮೆ ನಾವೆಲ್ಲ ಹೊಸ ಮನೆಗೆ ಹೋಗಿ ಕಿಟಕಿ ತೆರೆದು ಗಾಳಿಯಾಡಿಸಿ ಬರುತ್ತಿದ್ದೆವು. ಅವ್ವ ಮಾತ್ರ ಒಳಗೆ ಕಾಲಿಡುತ್ತಿರಲಿಲ್ಲ, ಗ್ಯಾರೇಜಿನ ನೆರಳಿನಲ್ಲಿ ಕುರ್ಚಿ ಹಾಕಿಕೊಂಡು ಕೂತು ಅಲ್ಲಿಂದಲೇ ಹುಕುಂ ಮಾಡುತ್ತಿದ್ದಳು. ಅಣ್ಣನ ಹೆಂಡತಿ ಗೀತಾ ವೈನಿ ಹೊಸ ಅಡಿಗೆಮನೆಯ ಕಟ್ಟೆಯನ್ನು ಸುಮ್ಮಸುಮ್ಮನೆ ಒರೆಸುತ್ತಿದ್ದರು. ಅಣ್ಣನ ಮಗಳು ಆರ್ನಾ ಕಾರ್ಪೆಟ್ಟಿನ ಮೇಲೆ ಉರುಳಾಡುತ್ತ, "ವೈ ಕಾಂಟ್ ವಿ ಜಸ್ಟ್ ಲಿವ್ ಹಿಯರ್?" ಎಂದು ಕೇಳುತ್ತಿದ್ದಳು. "ಶುಕ್ರ ಇನ್ನೂ ಎದ್ದಿಲ್ಲ ನನ್ನವ್ವಾ" ಎಂದು ಅವ್ವ ಹೊರಗಿನಿಂದ ಹೇಳುತ್ತಿದ್ದಳು. ಆ ಹೊಸ ವಾಸನೆಯ ಕೋಣೆಗಳಲ್ಲಿ ಅಡ್ಡಾಡುವಾಗ ನನಗೆ ಖುಷಿಯಾಗುತ್ತಿತ್ತು. ಇಲ್ಲಿ ಒಂದು ಮನೆ, ಅಲ್ಲಿ ಒಂದು ನೌಕೆ, ಎರಡೂ ಶುಕ್ರ ಏಳುವುದನ್ನೇ ಕಾಯುತ್ತಿವೆ ಎಂದುಕೊಳ್ಳುತ್ತಿದ್ದೆ. ಈಗ ಹೊಸ ಕಾರ್ಪೆಟ್ಟಿನ ವಾಸನೆ ಬಂದರೆ ನಾನು ಕಿಟಕಿ ಹುಡುಕುವುದು ಆ ಖುಷಿಯ ನೆನಪಿಗೇ.

ಮೂರು ವಾರ ಮುಗಿದವು, ಅವ್ವನನ್ನು ಅಣ್ಣನ ಹತ್ತಿರ ಬಿಟ್ಟು ನಾನು ಸಿಡ್ನಿಗೆ ಮರಳಿದೆ. ಮೊದಲ ಕರೆಯ ದಿನ ನಾಲ್ವರೂ ಒಂದೇ ಪರದೆಯ ಮುಂದೆ ಕೂತೆವು. ಶುಕ್ರ ಆಗ ಎಷ್ಟು ದೂರವಿತ್ತೆಂದರೆ, ಇಲ್ಲಿಂದ ಹೋದ ಮಾತು ಅಲ್ಲಿ ಮುಟ್ಟಿ ಉತ್ತರ ಬರಲು ಹತ್ತಿರ ಹತ್ತಿರ ಅರ್ಧ ಗಂಟೆ. ಪರದೆಯ ಮೇಲೆ ಗದ್ದಲ ಹುಲ್ಲಿನ ಹಾಗೆ ಅಲುಗುತ್ತಿರುತ್ತದೆ. ಆ ಹುಲ್ಲಿನ ನಡುವೆ ಒಂದು ಗೆರೆ ಎದ್ದು ನಿಂತರೆ ಅದು ನೌಕೆ. ಅರ್ಧ ಗಂಟೆಯಾಯಿತು. ಗೆರೆ ಏಳಲಿಲ್ಲ. "ಸೂರ್ಯ ಇನ್ನೂ ಹತ್ರ ಇದ್ದಾನ. ನಾಳೆ ನೋಡೂಣು" ಎಂದರು ಸರ್. ಮರುದಿನವೂ ಇಲ್ಲ. ಆ ವಾರ ಪೂರ್ತಿ ಇಲ್ಲ. ಆಮೇಲೆ ಕಣ್ಣು ಕಟ್ಟಿಕೊಂಡು ಕರೆಯುವುದು ಶುರುವಾಯಿತು. ಕೇಳುತ್ತಿದೆಯೋ ಇಲ್ಲವೋ, ಎತ್ತ ಮುಖ ಮಾಡಿದೆಯೋ ಏನೂ ಗೊತ್ತಿಲ್ಲ, ಆದರೂ ಇತ್ತ ತಿರುಗು, ಈ ಆ್ಯಂಟೆನಾ ಬಿಟ್ಟು ಆ ಆ್ಯಂಟೆನಾ ಹಚ್ಚು, ಮೊದಲಿನ ಸ್ಥಿತಿಗೆ ಬಾ ಎಂದು ಒಂದಾದ ಮೇಲೊಂದು ಆದೇಶ ಕಳಿಸುವುದು. ಕಳಿಸಿ, ಅರ್ಧ ಗಂಟೆ ಆ ಹುಲ್ಲನ್ನೇ ನೋಡುತ್ತ ಕೂರುವುದು.

ಯಾಕೆ ಹೀಗಾಯಿತು ಎಂದು ಖಚಿತವಾಗಿ ಯಾರೂ ಹೇಳಲಾರರು. ಫೋಟೋ ತೆಗೆಯಲು ಅತ್ತ ತಿರುಗಿದ ಮುದಿ ನೌಕೆಗೆ ಮರಳಿ ಇತ್ತ ತಿರುಗಲು ಆಗದೇ ಹೋಗಿರಬಹುದು. ಬೇರೆ ಏನೋ ಕೆಟ್ಟು, ಸುಮ್ಮನೆ ಕೂರಿಸಿದ್ದರೂ ಆ ವಾರವೇ ಹೋಗುತ್ತಿತ್ತೋ ಏನೋ, ಅದೂ ಇರಬಹುದು. ಸಭೆಗಳಲ್ಲಿ ಯಾರೂ ಸರ್ ಹೆಸರು ಎತ್ತಲಿಲ್ಲ. ಬಹಳ ಮರ್ಯಾದೆಯಿಂದ, "ಸೈಲೆನ್ಸ್ ಪೀರಿಯಡ್‌ನ ನಿರ್ಧಾರ" ಎನ್ನುತ್ತಿದ್ದರು. ಆ ಮರ್ಯಾದೆ ಬೈಗುಳಕ್ಕಿಂತ ಕೆಟ್ಟದಾಗಿತ್ತು. ಸರ್ ಎಲ್ಲ ಕೇಳಿಸಿಕೊಂಡು ತಲೆಯಾಡಿಸುತ್ತಿದ್ದರು. ಒಂದು ದಿನ ಕಾಫಿ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, "ಸುಮ್ನ ಕೂಡ್ಸಿದ್ರ ಬದಕತಿತ್ತೇನೋ, ಸುಧಾ" ಎಂದರು. "ಹಂಗೇನಿಲ್ರಿ ಸರ್" ಎಂದೆ. ನನ್ನ ದನಿಯಲ್ಲೇ ನಂಬಿಕೆ ಇರಲಿಲ್ಲ, ಅವರಿಗದು ತಿಳಿಯಿತು. ಕಾಫಿ ಹಾಗೇ ಆರಿತು.

ವಾರಗಳು ಹೋದವು. ನೌಕೆ ಹಾರಿಸಿದವರು ಇನ್ನು ಸಾಕು ಎಂದರು. ದೊಡ್ಡ ಆ್ಯಂಟೆನಾಗಳಿಗೆ ಬೇರೆ ಕೆಲಸ ಇರುತ್ತದೆ, ಬೇರೆ ನೌಕೆಗಳು ಸಾಲಿನಲ್ಲಿ ಕಾಯುತ್ತಿರುತ್ತವೆ. ಪ್ರತಿ ಗುಂಪಿನ ಹಿರಿಯರೂ ಒಪ್ಪಿಗೆ ಕೊಡಬೇಕಿತ್ತು, ಎಲ್ಲರೂ ಕೊಟ್ಟರು. ಇನಾಮದಾರ ಸರ್ ಮಾತ್ರ "ಇನ್ನೊಂದು ವಾರ" ಎಂದರು. ಆ ವಾರ ಮುಗಿದ ಮೇಲೆ ಮತ್ತೆ "ಇನ್ನೊಂದು ವಾರ". ಅವರ ಅಂಗಿ ಸಡಿಲವಾಗತೊಡಗಿತು, ಗಡ್ಡ ಬೆಳೆಯಿತು. ಪರ್ತ್‌ನಿಂದ ಅವರ ಹೆಂಡತಿ ನನಗೆ ಫೋನ್ ಮಾಡಿ, "ಊಟಾ ಮಾಡ್ತಾರೇನವಾ ಅವ್ರು?" ಎಂದು ಕೇಳಿದರು. ಮಾಡುತ್ತಾರೆ ಎಂದು ಸುಳ್ಳು ಹೇಳಿದೆ. ಆ ಮನುಷ್ಯನಿಗೆ ನೌಕೆ ಸತ್ತದ್ದು ಗೊತ್ತಿತ್ತು, ಅದು ನನಗೂ ಗೊತ್ತಿತ್ತು. ಒಪ್ಪಿಗೆ ಕೊಟ್ಟರೆ ತಾನೇ ಕೊಂದೆ ಎಂದು ಬರೆದುಕೊಟ್ಟ ಹಾಗೆ ಎಂದು ಅವರು ತಿಳಿದಿದ್ದರು. ಅವರನ್ನು ಹಾಗೆ ನೋಡಲಾರದೆ ಒಂದು ಸಂಜೆ ಎಪ್ಪಿಂಗ್‌ನ ನನ್ನ ಅಡಿಗೆಮನೆಯಲ್ಲಿ ನಿಂತು ಅತ್ತೆ.

ಇತ್ತ ಪಂಚಾಂಗದಲ್ಲಿ ಶುಕ್ರ ಎದ್ದಾಗಿತ್ತು. ಹುಬ್ಬಳ್ಳಿಯ ಆಚಾರ್ಯರು ಮುಹೂರ್ತ ಕೊಡಲು ತಯಾರು. ಅವ್ವ ಒಪ್ಪಲಿಲ್ಲ. "ಅದು ಹುಬ್ಬಳ್ಳಿ ಶುಕ್ರ. ಇಲ್ಲೇ ಕಣ್ಣಿಲೆ ಕಂಡ ಮ್ಯಾಲೆ ನೋಡೂಣು" ಎಂದು ಪಟ್ಟು ಹಿಡಿದಳು. ನಗಬೇಡಿ, ಅವಳ ಮಾತು ಸರಿಯಿತ್ತು. ಈ ದಕ್ಷಿಣದ ಆಕಾಶದಲ್ಲಿ, ಆ ತಿಂಗಳಲ್ಲಿ, ಶುಕ್ರ ಸಂಜೆ ಬಹಳ ಕೆಳಗೆ ಇರುತ್ತದೆ, ಅಲ್ಲಿಗಿಂತ ಇಲ್ಲಿ ತಡವಾಗಿ ಕಾಣುತ್ತದೆ. ಕಡೆಗೆ ಅಣ್ಣ ನನಗೆ ಫೋನ್ ಮಾಡಿ, "ಏನರೆ ಮಾಡಿ ಒಂದು ಡೇಟ್ ಹೇಳವಾ, ಪುಣ್ಯ ಬರ್ತದ" ಎಂದ. ನೌಕೆಗಾಗಿ ಇಟ್ಟುಕೊಂಡಿದ್ದ ಕೋಷ್ಟಕಗಳನ್ನೇ ತೆಗೆದು, ಕ್ರಾನ್‌ಬರ್ನ್‌ನಿಂದ ಶುಕ್ರ ಬರಿಗಣ್ಣಿಗೆ ಕಾಣುವ ದಿನವನ್ನು ಲೆಕ್ಕ ಹಾಕಿ ಕೊಟ್ಟೆ. ಆ ಕೋಷ್ಟಕಗಳಿಂದ ಆ ವಾರ ಆದ ಒಂದೇ ಉಪಯೋಗ ಅದು. ಅವ್ವ ಆ ಸಂಜೆ ಹೋಗಿ ನೋಡಿದಳು, ಕಂಡಿತು, ಮುಹೂರ್ತ ಇಟ್ಟಳು.

ಗೃಹಪ್ರವೇಶದ ದಿನವೇ ಮೆಲ್ಬರ್ನ್ ನಗರದಲ್ಲಿ ಸರ್‌ಗೆ ಒಂದು ಸಭೆ ಇತ್ತು. ನೌಕೆ ಹಾರಿಸಿದವರು ಅವರ ಒಪ್ಪಿಗೆ ಕೇಳಲೆಂದೇ ಒಬ್ಬರನ್ನು ಕಳಿಸಿದ್ದರು. ಸಭೆ ಮುಗಿಸಿ ಸಂಜೆ ರೈಲು ಹತ್ತಿ ಕ್ರಾನ್‌ಬರ್ನ್‌ಗೆ ಬನ್ನಿ ಎಂದು ಅಣ್ಣ ಅವರನ್ನು ಕರೆದ. ಅವ್ವನ ಬಾಯಿ ನನಗೆ ಗೊತ್ತು. ತಾನು ಹೇಳಿದ್ದು ನಿಜವಾದರೆ ಅದನ್ನು ಹತ್ತು ವರ್ಷದ ಮೇಲೂ ಎತ್ತಿ ಆಡುವ ಹೆಂಗಸು. ಹೋಮದ ಹೊಗೆಗೆ ಕೂಗದಿರಲೆಂದು ಅಣ್ಣ ಸ್ಮೋಕ್ ಅಲಾರ್ಮ್‌ಗೆ ಶವರ್ ಕ್ಯಾಪ್ ತೊಡಿಸುತ್ತಿದ್ದಾಗ, ನಾನು ಅವ್ವನನ್ನು ಮೂಲೆಗೆ ಕರೆದು, "ಸರ್ ಬರ್ತಾರ. ಅಸ್ತದ ಮಾತು ಎತ್ತಿದ್ರ ನೋಡು ಮತ್ತ" ಎಂದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ನಿಮ್ಮವ್ವಗ ಅಷ್ಟೂ ತಿಳ್ಯಾಂಗಿಲ್ಲೇನು?" ಎಂದಳು. ನನಗೇನೂ ಸಮಾಧಾನವಾಗಲಿಲ್ಲ.

ಹಾಲು ಉಕ್ಕಿತು, ಹೋಮವಾಯಿತು, ಮಧ್ಯಾಹ್ನ ಊಟವಾಯಿತು. ಆ ಬಡಾವಣೆಯ ಕನ್ನಡದವರಲ್ಲಿ ಅರ್ಧ ಜನ ಬಂದು ಹೋದರು. ಸರ್ ಬಂದಾಗ ಮನೆಯಲ್ಲಿ ನಾವಷ್ಟೇ ಇದ್ದೆವು. ಗಡ್ಡ ಬೋಳಿಸಿಕೊಂಡಿದ್ದರು, ಅದರಿಂದ ಮುಖ ಇನ್ನೂ ಸಣ್ಣಗೆ ಕಂಡಿತು. ಸಭೆಯಲ್ಲಿ ಏನಾಯಿತೆಂದು ಕಣ್ಣಿನಲ್ಲೇ ಕೇಳಿದೆ. ಒಪ್ಪಿಗೆ ಕೊಟ್ಟಿಲ್ಲ ಎಂಬಂತೆ ತಲೆಯಾಡಿಸಿದರು. ಆರ್ನಾ ಅವರ ಹತ್ತಿರ ಹೋಗಿ, "ಅಂಕಲ್, ಈಸ್ ಇಟ್ ಡೆಡ್?" ಎಂದು ಕೇಳಿಯೇ ಬಿಟ್ಟಳು. ವೈನಿ ಅವಳನ್ನು ಒಳಗೆ ಎಳೆದುಕೊಂಡರು.

ಆಗ ಅವ್ವ ಎದ್ದು ಚಪ್ಪಲಿ ಮೆಟ್ಟಿದಳು. "ಬರ್ರಿ ಇನಾಮದಾರ್ರ. ಹೊತ್ತು ಮುಣಗೇದ. ನಿಮ್ಮ ಶುಕ್ರ ಕಾಣ್ತಾನೇನು ನೋಡಕೊಂಡ ಬರೂಣು." ಬೇಡ ಎನ್ನಲು ನಾನು ಬಾಯಿ ತೆರೆಯುವಷ್ಟರಲ್ಲಿ ಇಬ್ಬರೂ ಗೇಟು ದಾಟಿದ್ದರು. ನಾನು ಹಿಂದೆ ಓಡಿದೆ.

ಬೀದಿಯ ಕೊನೆಗೆ ಇನ್ನೂ ಮನೆ ಏಳದ ಖಾಲಿ ಸೈಟುಗಳು, ಅವುಗಳಾಚೆ ಬಯಲು. ಅಲ್ಲಿ ಪಡುವಣ ಆಕಾಶ ಕೆಳಗಿನವರೆಗೂ ಕಾಣುತ್ತದೆ. ಗಾಳಿ ತಣ್ಣಗಾಗಿತ್ತು. ಅವ್ವನ ಕಣ್ಣಿಗೇ ಮೊದಲು ಬಿತ್ತು. ಕೆಂಪು ಇನ್ನೂ ಆರದ ಆಕಾಶದಲ್ಲಿ, ದೂರದ ಮರಗಳಿಗಿಂತ ಸ್ವಲ್ಪವೇ ಮೇಲೆ, ಬೆಳ್ಳಿ ಚುಕ್ಕಿ. ಇಷ್ಟು ವರ್ಷ ಪರದೆಯ ಮೇಲೆ ಅದರ ಮೋಡಗಳನ್ನು ದಿನವೂ ನೋಡಿದ್ದೆ, ಹೀಗೆ ಬಯಲಿನಲ್ಲಿ ನಿಂತು ನೋಡಿದ್ದು ಕಡಿಮೆ.

"ಅಕ್ಕಾರ, ಅವತ್ತ ನೀವು ಬ್ಯಾಡಂದಿದ್ರಿ" ಎಂದರು ಸರ್.

"ಏನು ಬ್ಯಾಡಂದಿದ್ದೆ?"

"ಅಸ್ತದಾಗ ಹೊಸಾ ಕೆಲಸಾ ಹಿಡೀಬ್ಯಾಡ್ರಿ ಅಂತ. ನಾ ನಕ್ಕೆ." ಅವರ ಕಣ್ಣು ಚುಕ್ಕಿಯ ಮೇಲೇ ಇತ್ತು. "ಖರೆ ಹೇಳ್ರಿ ನನಗ. ಅದಕ್ಕ ಹೋತೇನದು?"

ಜೀವಮಾನವೆಲ್ಲ ಅಳೆದು ನೋಡದೆ ಒಂದು ಮಾತನ್ನೂ ನಂಬದಿದ್ದ ಮನುಷ್ಯ ನನ್ನ ಅವ್ವನ ಮುಂದೆ ನಿಂತು ಇದನ್ನು ಕೇಳುತ್ತಿದ್ದರು. ಅವರು ಆ ವಾರಗಳಲ್ಲಿ ಎಲ್ಲಿಗೆ ಹೋಗಿ ಮುಟ್ಟಿದ್ದರೆಂದು ನನಗೆ ತಿಳಿದದ್ದು ಆಗಲೇ. ಅವ್ವ ಸೆರಗನ್ನು ಹೆಗಲ ಮೇಲೆ ಎಳೆದುಕೊಂಡಳು.

"ಅಸ್ತ ಅಂದ್ರೇನ್ರಿ ಇನಾಮದಾರ್ರ? ಇಲ್ಲೇ ನೆಲದ ಮ್ಯಾಲೆ ನಿಂತ ನಮ್ಮ ಕಣ್ಣಿಗೆ ಅವಾ ಕಾಣಲಿಲ್ಲ ಅಂದ್ರ ಅಸ್ತ. ಹೌದಿಲ್ಲೋ?"

"ಹೌದ್ರಿ."

"ನಿಮ್ಮ ನೌಕಾ ಎಲ್ಲಿತ್ತು? ಅವನ ಮನಿ ಬಾಗಲದಾಗ ಇತ್ತು. ಅಲ್ಲೇ ಇದ್ದೋರಿಗೆ ಅವಾ ಯಾವಾಗ ಮುಣಗಿದ್ದ? ಅಸ್ತ ನಮಗರಿ. ಅದಕ್ಕ ಎಲ್ಲೀದು ಅಸ್ತ?" ಅವಳ ದನಿ ಮೆತ್ತಗಿತ್ತು. "ನಾ ಅವತ್ತ ಆ ವಿಚಾರಾನ ಮಾಡಲಿಲ್ಲ. ಮನಿ ಲೆಕ್ಕದಾಗ ಅಂದೆ. ತಪ್ಪು ಅಂದೆ. ಅದನ್ನ ನೀವು ಮನಸಿಗೆ ಹಚ್ಚಿಗೋಬ್ಯಾಡ್ರಿ."

ಸರ್ ಅವಳ ಕಡೆ ತಿರುಗಿದರು. ಅವ್ವ ಕೇಳಿದಳು, "ಭಾಳ ವಯಸ್ಸಾಗಿತ್ತೇನ್ರಿ ಅದ್ಕ?"

"ಭಾಳ ಆಗಿತ್ರಿ."

"ಮತ್ತ? ಕೆಲಸಾ ಮಾಡಕೋತ ಹೋತಲ್ಲ. ಕೂಡಿಸಿದ್ರೂ ಹೋಗೂದು ಹೋಗತಿತ್ತು, ಕೂತಲ್ಲೇ ಹೋಗತಿತ್ತು."

ಸರ್ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಅತ್ತುಬಿಟ್ಟರು. ಅಷ್ಟು ದೊಡ್ಡ ಮನುಷ್ಯ ಅಳುವುದನ್ನು ನೋಡಲಾಗದೆ ನಾನು ಬೇರೆ ಕಡೆ ಮುಖ ಮಾಡಿದೆ. ಅವ್ವ ಅವರನ್ನು ಸಮಾಧಾನ ಮಾಡಲು ಹೋಗಲಿಲ್ಲ, ಹತ್ತಿರ ನಿಂತಳು ಅಷ್ಟೇ. ಚುಕ್ಕಿ ಮರಗಳ ಹಿಂದೆ ಇಳಿದ ಮೇಲೆ ಮೂವರೂ ಮನೆಗೆ ತಿರುಗಿದೆವು. ಸರ್ ಆ ಸಂಜೆ ಎರಡು ಸಲ ಅನ್ನ ಹಾಕಿಸಿಕೊಂಡು ಉಂಡರು.

ಅವರು ಹೋದ ಮೇಲೆ ಪಾತ್ರೆ ತೊಳೆಯುತ್ತ ಅವ್ವನನ್ನು ಕೇಳಿದೆ, "ಖರೇನ ಹಂಗ ಅದನವಾ ಶಾಸ್ತ್ರದಾಗ? ಇಲ್ಲಾ ಅವರ ಸಲುವಾಗಿ ಅಂದ್ಯೋ?"

"ನೀ ಲೆಕ್ಕಾ ಮಾಡಾಕಿ, ಲೆಕ್ಕಾ ಮಾಡಿ ನೋಡು" ಎಂದಳು. ಸೋಪಿನ ಕೈಯನ್ನು ಒರೆಸಿಕೊಳ್ಳುತ್ತ ಬೇರೆ ಮಾತು ತೆಗೆದಳು.

ಸರ್ ಮರುದಿನವೇ ಒಪ್ಪಿಗೆ ಕೊಟ್ಟರು. ಕೊನೆಯ ಕರೆಗೆ ಸಿಡ್ನಿಯಲ್ಲಿ ನಾಲ್ವರೂ ಸೇರಿದೆವು. ಮುಗಿದ ನೌಕೆಗೆ ಕಡೆಯದಾಗಿ ಒಂದು ಆದೇಶ ಕಳಿಸುವ ಪದ್ಧತಿ ಇದೆ. ಮುಂದೆ ಎಂದಾದರೂ ತಾನಾಗಿ ಎಚ್ಚರಗೊಂಡು ಕೂಗಿದರೆ ಬೇರೆ ನೌಕೆಗಳ ರೇಡಿಯೋ ಮಾತಿಗೆ ಅಡ್ಡಿಯಾಗುತ್ತದೆ, ಅದಕ್ಕೆ ನಿನ್ನ ಟ್ರಾನ್ಸ್‌ಮಿಟರ್ ಆರಿಸು, ಇನ್ನು ಉತ್ತರ ಕೊಡಬೇಡ ಎಂದು ಹೇಳುವುದು. ಅದನ್ನು ಓದಿ ಖಾತ್ರಿ ಮಾಡುವ ಸರದಿ ಸರ್‌ದು. ನಿಧಾನವಾಗಿ ಓದಿದರು, ಸರಿ ಇದೆ ಎಂದರು. ಆದೇಶ ಹೋಯಿತು.

ಅಲ್ಲಿಗೆ ಎದ್ದು ಹೋಗಬಹುದಿತ್ತು. ಉತ್ತರ ಕೊಡಬೇಡ ಎಂದವರು ಉತ್ತರಕ್ಕೆ ಕಾಯುವುದು ಏನು? ಆದರೆ ಯಾರೂ ಏಳಲಿಲ್ಲ. ಸರ್ ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಪರದೆ ನೋಡುತ್ತ ಕೂತರು, ನಾವೂ ಕೂತೆವು. ಹುಲ್ಲು ಅಲುಗುತ್ತಿತ್ತು. ಅರ್ಧ ಗಂಟೆ ಕಳೆಯಿತು. ಗೆರೆ ಏಳಲಿಲ್ಲ.

ಸರ್ ನನ್ನ ಕಡೆ ತಿರುಗಿದರು. ಆ ಬೇಸಿಗೆಯಲ್ಲಿ ಮೊದಲ ಸಲ ಅವರ ಮುಖ ತಿಳಿಯಾಗಿತ್ತು.

"ಹೇಳಿದ ಮಾತು ಕೇಳ್ತು ನೋಡು, ಸುಧಾ" ಎಂದರು.